ಗುರುಶಾಂತಪ್ಪನವರ ನೀಲಿ ಅಂಗೈ

ಎಲ್ಲ ಶುರುವಾದದ್ದು ಒಂದು ಹನಿ ಬೆವರಿನಿಂದ. ಆ ಹನಿ ಗುರುಶಾಂತಪ್ಪನವರ ಬಲಗೈ ಕಿರುಬೆರಳಿನ ಬುಡದಲ್ಲಿ ಹುಟ್ಟಿತು. ಅಲ್ಲಿಂದ ಮಣಿಕಟ್ಟಿನ ಕಡೆ ಸ್ವಲ್ಪ ದೂರ ಪ್ರಯಾಣ ಮಾಡಿ, ಖಾತೆ ಪುಸ್ತಕದ ಮುನ್ನೂರ ಹನ್ನೆರಡನೆಯ ಪುಟದಲ್ಲಿ ಸಾಹೇಬರು ಆಗತಾನೆ ಹಾಕಿದ್ದ ಹಸಿರು ಸಹಿಯ ಮೇಲೆ ಇಳಿಯಿತು. ಸಹಿ ಮೊದಲು ಅರಳಿತು, ಆಮೇಲೆ ಹರಡಿತು, ಕೊನೆಗೆ ಕೆರೆಯ ಪಾಚಿಯ ಹಾಗೆ ನೆಲೆ ನಿಂತಿತು.

ಆ ವರ್ಷ ಹೀಗೆ ಅರಳಿದ ನಾಲ್ಕನೆಯ ಸಹಿ ಅದು. ಸಾಹೇಬರು ಕೂಗಾಡಲಿಲ್ಲ. ಒಂದು ತಿಂಗಳೊಳಗೆ ಕೈ ಒಣಗದಿದ್ದರೆ ಗುರುಶಾಂತಪ್ಪನವರನ್ನು ನೆಲಮಾಳಿಗೆಯ ಹಳೆ ಕಡತಗಳ ಕೋಣೆಗೆ ಹಾಕುತ್ತೇನೆ, ಅಲ್ಲಿ ಇಲಿಗಳು ಆಗಲೇ ಮಾಡಿರುವುದಕ್ಕಿಂತ ಹೆಚ್ಚಿನ ಹಾನಿ ಇವರಿಂದ ಆಗಲಾರದು, ಎಂದಷ್ಟೇ ಹೇಳಿ ಕಾಫಿಗೆ ಹೋದರು.

ಗುರುಶಾಂತಪ್ಪನವರು ಜಯನಗರದ ಒಂದು ಕಂದಾಯ ಕಚೇರಿಯ ಎರಡನೆಯ ಮಹಡಿಯಲ್ಲಿ, ಖಾತೆ ಶಾಖೆಯಲ್ಲಿ, ಇಪ್ಪತ್ತೆರಡು ವರ್ಷದಿಂದ ಗುಮಾಸ್ತರು. ಅವರ ಬಗ್ಗೆ ಕಚೇರಿಗೆ ಗೊತ್ತಿದ್ದ ಸಂಗತಿಗಳು ಎರಡೇ. ಒಂದು, ಅವರ ಅಂಗೈ ಸದಾ ಬೆವರುತ್ತದೆ. ಇನ್ನೊಂದು, ಆ ಅಂಗೈಯಲ್ಲಿ ಅವರು ಯಾರಿಂದಲೂ ಏನನ್ನೂ ತೆಗೆದುಕೊಂಡಿಲ್ಲ. ಖಾತೆ ಶಾಖೆಯಲ್ಲಿದ್ದುಕೊಂಡು ಏನನ್ನೂ ತೆಗೆದುಕೊಳ್ಳದಿರುವುದು ಮದುವೆಮನೆಯಲ್ಲಿ ಉಪವಾಸವಿದ್ದ ಹಾಗೆ. ನೋಡಿದವರು ಮೆಚ್ಚುವುದಕ್ಕಿಂತ ಹೆಚ್ಚಾಗಿ ಆರೋಗ್ಯ ವಿಚಾರಿಸುತ್ತಾರೆ. ಒಮ್ಮೆ ಒಬ್ಬ ಕಟ್ಟಡದ ಮಾಲೀಕ ಬಲವಂತವಾಗಿ ಲಕೋಟೆಯೊಂದನ್ನು ತುರುಕಿದಾಗ ಇವರು ನಿಂತ ನಿಲುವಿನಲ್ಲೇ ಅದನ್ನು ಹಿಂದಿರುಗಿಸಿದ್ದರು. ಅಷ್ಟರಲ್ಲೇ ಲಕೋಟೆ ಒದ್ದೆಯಾಗಿ ಬಾಯಿ ಬಿಟ್ಟಿತ್ತು.

ತ್ಯಾಗರಾಜನಗರದ ಆರು ಮನೆಗಳ ವಠಾರದಲ್ಲಿ ಅವರ ಹೆಂಡತಿ ನೀಲಗಂಗಮ್ಮನವರಿಗೆ ಇದ್ದ ಒಂದೇ ಒಡವೆಯೂ ಇದೇ. ಅಕ್ಕಪಕ್ಕದವರ ಕುತ್ತಿಗೆಯ ಸರಗಳು ವರ್ಷವರ್ಷಕ್ಕೂ ದಪ್ಪವಾಗುತ್ತಿದ್ದಾಗ ಅವರು ಗಂಡನ ಹೆಸರನ್ನು ಹಾಕಿಕೊಂಡು ಓಡಾಡುತ್ತಿದ್ದರು. ಆ ಹೆಸರು ಹೋದರೆ ಮನೆಯಲ್ಲಿ ಹೇಳಿಕೊಳ್ಳುವಂಥದ್ದು ಮತ್ತೇನೂ ಇರಲಿಲ್ಲ.

ಕೈ ಒಣಗಿಸಲು ಗುರುಶಾಂತಪ್ಪನವರು ಮಾಡದ ಪ್ರಯತ್ನವಿರಲಿಲ್ಲ. ಪಟಿಕದ ನೀರು, ಪೌಡರು, ಟೀ ಡಿಕಾಕ್ಷನ್ನು, ಪ್ರಾಣಾಯಾಮ ಎಲ್ಲ ಆಗಿತ್ತು. ಪ್ರಾಣಾಯಾಮದಲ್ಲಿ ಇನ್ನಷ್ಟು ಬೆವರಿದ್ದರು. ಕೊನೆಗೆ ದಾರಿ ತೋರಿಸಿದವನು ಕಚೇರಿಯ ದಫೇದಾರ ಹನುಮಯ್ಯ. ಜೆ.ಪಿ. ನಗರದಲ್ಲಿ ಶಶಿಕಾಂತ್ ಅಂತ ಚರ್ಮದ ಡಾಕ್ಟರಿದ್ದಾರೆ, ಬೆವರಿಗೆಂದೇ ಇಂಜೆಕ್ಷನ್ ಕೊಡುತ್ತಾರೆ, ಬರುವ ಗುರುವಾರ ಹೊಸ ಡಾಕ್ಟರುಗಳಿಗೆ ಅದನ್ನು ಹೇಗೆ ಕೊಡುವುದೆಂದು ತೋರಿಸಿಕೊಡುತ್ತಾರೆ, ಅದಕ್ಕೆ ಅವರಿಗೆ ಚೆನ್ನಾಗಿ ಬೆವರುವ ಕೈಯೊಂದು ಬೇಕಾಗಿದೆ, ದುಡ್ಡಿಲ್ಲ, ಎಂದ. ಗುರುಶಾಂತಪ್ಪನವರು ದುಡ್ಡು ಯಾಕಿಲ್ಲ ಎಂದು ಎರಡು ಸಲ ಕೇಳಿದರು.

"ಅವರು ನಿಮ್ಮ ಕೈ ಮೇಲೆ ಪಾಠ ಮಾಡ್ತಾರೆ ಸಾರ್," ಎಂದ ಹನುಮಯ್ಯ. "ಲೆಕ್ಕ ಹಾಕಿದ್ರೆ ನೀವೇ ಅವರಿಗೆ ಉಪಕಾರ ಮಾಡ್ದಂಗೆ."

ಉಪಕಾರ ಮಾಡುವುದಕ್ಕೆ ಗುರುಶಾಂತಪ್ಪನವರ ಅಭ್ಯಂತರವಿರಲಿಲ್ಲ. ಸೂಜಿಯ ಹೆಸರು ಕೇಳಿದರೆ ನೀಲಗಂಗಮ್ಮ ಎದೆ ಹಿಡಿದುಕೊಳ್ಳುವವರಾದ್ದರಿಂದ ಮನೆಯಲ್ಲಿ ಏನೂ ಹೇಳದೆ, ಕಚೇರಿಗೆ ಅರ್ಧ ದಿನದ ರಜೆ ಬರೆದು, ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಜೆ.ಪಿ. ನಗರದ ಕ್ಲಿನಿಕ್ಕಿನಲ್ಲಿ ಹಾಜರಾದರು.

ಅಲ್ಲಿ ಅವರು ಕಂಡದ್ದನ್ನು ಮುಂದೆ ಎಷ್ಟು ಸಲ ನೆನೆಸಿಕೊಂಡರೂ ಮೈ ಜುಮ್ಮೆನ್ನುತ್ತಿತ್ತು. ತಣ್ಣಗಿನ ಸಭಾಂಗಣದಲ್ಲಿ ಮೂವತ್ತು ಜನ ಡಾಕ್ಟರುಗಳು ಬಿಳಿ ಕೋಟು ಹಾಕಿಕೊಂಡು ಕೂತಿದ್ದರು. ಎದುರಿಗೆ ಒಂದು ಎತ್ತರದ ಕುರ್ಚಿ, ಅದರ ಮೇಲೆ ಮದುವಣಿಗನ ಹಾಗೆ ಗುರುಶಾಂತಪ್ಪನವರು. ಡಾಕ್ಟರ್ ಶಶಿಕಾಂತ್ ಇವರ ಎರಡೂ ಅಂಗೈಗಳಿಗೆ ಕಂದು ಬಣ್ಣದ ಔಷಧಿ ಬಳಿದರು. ಅದು ಒಣಗಿದ ಮೇಲೆ ಬಿಳಿ ಪುಡಿಯನ್ನು ಉದುರಿಸಿದರು. "ಈಗ ನೋಡಿ," ಎಂದು ಹಿಂದೆ ಸರಿದರು.

ಅರ್ಧ ನಿಮಿಷ ಏನೂ ಆಗಲಿಲ್ಲ. ಆಮೇಲೆ ಹೆಬ್ಬೆರಳಿನ ದಿಬ್ಬದ ಮೇಲೆ ಸಾಸಿವೆಯಷ್ಟು ಗಾತ್ರದ ಕಡುನೀಲಿ ಚುಕ್ಕೆ ಮೂಡಿತು. ಅದರ ಪಕ್ಕದಲ್ಲಿ ಇನ್ನೊಂದು. ಮತ್ತೆ ಹತ್ತು, ಮತ್ತೆ ನೂರು. ಕತ್ತಲಾಗುವ ಹೊತ್ತಿಗೆ ಆಕಾಶದಲ್ಲಿ ನಕ್ಷತ್ರಗಳು ಕಾಣಿಸಿಕೊಳ್ಳುತ್ತವಲ್ಲ, ಅದನ್ನು ಯಾರೋ ಬಿಳಿಯ ಮೇಲೆ ನೀಲಿಯಲ್ಲಿ ಮಾಡಿ ತೋರಿಸಿದ ಹಾಗಿತ್ತು. ನೋಡುತ್ತಿದ್ದ ಹಾಗೆ ಚುಕ್ಕೆಗಳು ಕೂಡಿಕೊಂಡವು, ಕೈಯ ಗೆರೆಗಳು ನದಿಗಳಾದವು, ಇಡೀ ಅಂಗೈ ಮಸಿಯ ಕೊಳವಾಯಿತು. ಸಭಾಂಗಣದಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ಹಿಂದಿನ ಸಾಲಿನವರು ಎದ್ದು ನಿಂತರು. ಡಾಕ್ಟರ್ ಶಶಿಕಾಂತ್ ಮೆಲ್ಲಗೆ, ದೇವಸ್ಥಾನದಲ್ಲಿ ಮಾತಾಡುವ ದನಿಯಲ್ಲಿ, ಹದಿನೆಂಟು ವರ್ಷದಲ್ಲಿ ನಾನು ಇಂಥ ಕೈ ನೋಡಿಲ್ಲ ಎಂದರು. ಮೂವತ್ತು ಜನವೂ ಸಾಲಾಗಿ ಬಂದು ಕೈ ಹಿಡಿದು ನೋಡಿ, ಫೋಟೋ ತೆಗೆದುಕೊಂಡು ಹೋದರು. ಗುರುಶಾಂತಪ್ಪನವರ ಕೈಯನ್ನು ಹಿಡಿದವರೆಲ್ಲ ಆಮೇಲೆ ಪ್ಯಾಂಟಿಗೆ ಒರೆಸಿಕೊಳ್ಳುವುದನ್ನಷ್ಟೇ ನೋಡಿದ್ದ ಅವರು, ಕೊನೆಯವರು ಹೋದ ಮೇಲೂ ಕೈ ಚಾಚಿಕೊಂಡೇ ಕೂತಿದ್ದರು.

ಇಂಥ ಕಾಯಿಲೆ ಯಾಕೆ ವಾಸಿ ಮಾಡಿಸಿಕೊಳ್ಳಬೇಕೆನ್ನಿಸಿತು ಎಂದು ಒಬ್ಬರು ಕೇಳಿದರು. ಗುರುಶಾಂತಪ್ಪನವರು ಸಾಹೇಬರ ಹಸಿರು ಸಹಿಗಳ ಕತೆಯನ್ನೆಲ್ಲ ಹೇಳಿದರು. ಒಬ್ಬ ಹುಡುಗಿ ಡಾಕ್ಟರು ಅದನ್ನು ಬರೆದುಕೊಂಡರು.

ಆಮೇಲೆ ಐಸಿನ ಪೆಟ್ಟಿಗೆಯಿಂದ ಒಂದು ಪುಟ್ಟ ಸೀಸೆ ಹೊರಗೆ ಬಂತು. ಗುರುಶಾಂತಪ್ಪನವರು ಬಗ್ಗಿ ನೋಡಿದರು. ಸೀಸೆ ಖಾಲಿ ಇತ್ತು.

"ಖಾಲಿ ಅಲ್ಲ," ಎಂದು ಡಾಕ್ಟರು ನಕ್ಕರು. "ಕಣ್ಣಿಗೆ ಕಾಣೋಷ್ಟು ಇಲ್ಲ, ಅಷ್ಟೇ. ಕಾಣೋಷ್ಟು ಇದ್ದಿದ್ರೆ ನಾವ್ಯಾರೂ ಇಲ್ಲಿ ಕೂತಿರ್ತಿರ್ಲಿಲ್ಲ. ಪ್ರಪಂಚದಲ್ಲಿ ಇದಕ್ಕಿಂತ ಜೋರಾದ ವಿಷ ಇಲ್ಲ."

ಬೆವರು ಬಾ ಎಂದು ನರ ಕೊಡುವ ಆಜ್ಞೆಯನ್ನು ಈ ವಿಷ ದಾರಿಯಲ್ಲೇ ತಡೆದುಬಿಡುತ್ತದೆ, ಆಜ್ಞೆ ತಲುಪದಿದ್ದರೆ ಗ್ರಂಥಿ ಸುಮ್ಮನಿರುತ್ತದೆ, ಎಂದು ಅವರು ವಿವರಿಸಿದರು. ಆಜ್ಞೆಗಳು ದಾರಿಯಲ್ಲೇ ನಿಂತುಹೋಗುವ ವಿಷಯ ಸರ್ಕಾರಿ ನೌಕರರಾದ ಗುರುಶಾಂತಪ್ಪನವರಿಗೆ ತಕ್ಷಣ ಅರ್ಥವಾಯಿತು. ಆದರೂ ಇಷ್ಟು ದೊಡ್ಡ ವಿಷವನ್ನು ಇಷ್ಟು ಸಣ್ಣ ಗುಮಾಸ್ತನ ಮೇಲೆ ಖರ್ಚು ಮಾಡುತ್ತಿದ್ದಾರಲ್ಲ ಎಂದು ಅವರ ಕಣ್ಣು ತುಂಬಿ ಬಂತು. ಮಣಿಕಟ್ಟಿಗೆ ಅರಿವಳಿಕೆಯ ಸೂಜಿ ಕೊಟ್ಟರು. ಕೈಗಳು ಯಾರದೋ ಕೈಗಳಾದವು. ಪೆನ್ನಿನಲ್ಲಿ ಚೌಕಟ್ಟು ಬರೆದು, ಒಂದೊಂದು ಅಂಗೈಗೆ ಐವತ್ತು ಚುಚ್ಚು, ರಂಗೋಲಿಯ ಚುಕ್ಕಿ ಇಟ್ಟಂತೆ, ಸಾಲಾಗಿ ಬಿದ್ದವು.

ಮೂರು ನಾಲ್ಕು ದಿನದಲ್ಲಿ ಕೈ ಒಣಗುತ್ತದೆ, ಇವತ್ತು ಮಾತ್ರ ಉಜ್ಜಬಾರದು, ಜೋಮು ಸಂಜೆಯವರೆಗೆ ಇರುತ್ತದೆ, ಎಂದು ಹೇಳಿ ನರ್ಸಮ್ಮ ಹತ್ತಿಯಿಂದ ಮೇಲುಮೇಲೆ ಒರೆಸಿದರು. ಮೇಲಿನದು ಹೋಯಿತು. ಗೆರೆಗಳಲ್ಲಿ ಕೂತದ್ದು ಹೋಗಲಿಲ್ಲ. ಹೊಸ ಬೆವರು ಬಂದಹಾಗೆಲ್ಲ ಅಂಗೈ ಮತ್ತೆ ನೀಲಿಯಾಗುತ್ತಿತ್ತು. ಬಿಲ್ಲು ಇರಲಿಲ್ಲ, ಚೀಟಿ ಇರಲಿಲ್ಲ. ನರ್ಸಮ್ಮನೇ ಆಟೋ ಹತ್ತಿಸಿದರು.

ಕಚೇರಿಯ ಮುಂದೆ ಆಟೋ ನಿಂತಾಗ ಮಧ್ಯಾಹ್ನ ಹನ್ನೆರಡೂವರೆ. ಜೇಬಿನಲ್ಲಿ ನೋಟುಗಳಿದ್ದವು, ಆದರೆ ಅವನ್ನು ತೆಗೆಯುವ ಬೆರಳುಗಳು ಬಾಡಿದ ಹುರುಳಿಕಾಯಿಯ ಹಾಗೆ ಜೋತಾಡುತ್ತಿದ್ದವು. ನೀವೇ ತಗೊಳ್ಳಿ ಎಂದು ಗುರುಶಾಂತಪ್ಪನವರು ಎರಡೂ ಕೈಗಳನ್ನು ಕಿವಿಯ ಮಟ್ಟಕ್ಕೆ ಎತ್ತಿ ನಿಂತರು. ಆಟೋದವನು ಪ್ರಾಮಾಣಿಕ. ದಕ್ಷಿಣ ಬೆಂಗಳೂರಿನ ಅಷ್ಟೂ ಆಟೋಗಳಲ್ಲಿ ಅಂದು ಅವರಿಗೆ ಒಬ್ಬ ಅತಿ ಪ್ರಾಮಾಣಿಕನೇ ಸಿಕ್ಕಿದ್ದ. ಆಮೇಲೆ ಮಾತು ಬರಬಾರದೆಂದು ಅವನು ಎಳನೀರು ಕುಡಿಯುತ್ತಿದ್ದ ಇಬ್ಬರನ್ನು ಕರೆದ.

"ಅಣ್ಣ, ಸ್ವಲ್ಪ ಇಲ್ಲಿ ಬಂದು ನೋಡಿ. ಇವರ ಜೇಬಿಂದ ನಾನು ಏನು ತಗೋತೀನಿ ಅಂತ ನೀವಿಬ್ರೂ ಸಾಕ್ಷಿ."

ಇದನ್ನೆಲ್ಲ ಎರಡನೆಯ ಮಹಡಿಯ ಕಿಟಕಿಯಿಂದ ಟೈಪಿಸ್ಟ್ ಸರಸ್ವತಿ ನೋಡಿದರು. ಅವರಿಗೆ ಮಾತು ಕೇಳಿಸಲಿಲ್ಲ. ಕಂಡದ್ದು ಇಷ್ಟು: ಖಾತೆ ಶಾಖೆಯ ಗುಮಾಸ್ತರು ಕೈ ಮೇಲೆತ್ತಿ ನಿಂತಿದ್ದಾರೆ. ಖಾಕಿ ಅಂಗಿಯವನೊಬ್ಬ ಅವರ ಜೇಬಿನಿಂದ ನೋಟುಗಳನ್ನು ಒಂದೊಂದಾಗಿ ಹೊರಗೆ ತೆಗೆದು ತೋರಿಸುತ್ತಿದ್ದಾನೆ. ಪಕ್ಕದಲ್ಲಿ ಸಾಕ್ಷಿಗೆ ಇಬ್ಬರು. ಎತ್ತಿದ ಕೈಗಳ ಬೆರಳಿನ ಸಂದಿಯಲ್ಲಿ ಬಿಳಿ ಪುಡಿ, ಅಂಗೈ ಪೂರ್ತಿ ಬಣ್ಣ.

ಆ ದಿನಗಳಲ್ಲಿ ಇದರ ಅರ್ಥ ಗೊತ್ತಿಲ್ಲದ ಸರ್ಕಾರಿ ನೌಕರನಿರಲಿಲ್ಲ. ಎರಡು ದಿನಕ್ಕೊಮ್ಮೆ ಪೇಪರಿನಲ್ಲಿ ಬರುತ್ತಿತ್ತು: ಲೋಕಾಯುಕ್ತದವರು ನೋಟಿಗೆ ಪುಡಿ ಹಚ್ಚಿ ಕೊಟ್ಟು ಕಳಿಸುತ್ತಾರೆ, ತೆಗೆದುಕೊಂಡವನ ಕೈಯನ್ನು ನೀರಿನಲ್ಲಿ ಅದ್ದಿಸುತ್ತಾರೆ, ಕೈ ಬಣ್ಣಕ್ಕೆ ತಿರುಗುತ್ತದೆ.

ಗುರುಶಾಂತಪ್ಪನವರು ಎರಡು ಮಹಡಿ ಹತ್ತಿ ಬರುವಷ್ಟರಲ್ಲಿ ಖಾತೆ ಶಾಖೆ ಹಿಂದೆಂದೂ ಕಾಣದಷ್ಟು ಸ್ವಚ್ಛವಾಗಿತ್ತು. ಮೇಜುಗಳ ಮೇಲೆ ಒಂದು ಕಾಗದವಿಲ್ಲ. ಅರ್ಧ ಜನ ಸ್ಥಳ ಪರಿಶೀಲನೆಗೆ ಹೋಗಿದ್ದರು. ಉಳಿದವರಲ್ಲಿ ಯಾರೋ ಪಾಯಿಖಾನೆಯಲ್ಲಿ ಬಿಟ್ಟೂ ಬಿಡದೆ ನೀರು ಸುರಿಯುತ್ತಿದ್ದರು. ಸರಸ್ವತಿ ಎದ್ದು ನಿಂತರು. ಇಪ್ಪತ್ತೆರಡು ವರ್ಷದಲ್ಲಿ ಗುರುಶಾಂತಪ್ಪನವರನ್ನು ನೋಡಿ ಯಾರಾದರೂ ಎದ್ದು ನಿಂತದ್ದು ಅದೇ ಮೊದಲು. ಅವರು ಹಿಂದೆ ತಿರುಗಿ, ಯಾರು ಬಂದರೆಂದು ನೋಡಿದರು.

ಸಾಹೇಬರು ತಾವೇ ಬಾಗಿಲಿಗೆ ಬಂದು ಒಳಗೆ ಕರೆದುಕೊಂಡು ಹೋದರು. ತಮ್ಮ ಎದುರಿನ ಕುರ್ಚಿಯನ್ನು ತಾವೇ ಎಳೆದು ಕೊಟ್ಟರು.

"ಕೂತ್ಕೊಳ್ಳಿ ಗುರುಶಾಂತಪ್ಪನೋರೆ. ನೀರು ಕುಡೀತೀರಾ? ಎಷ್ಟು ಜನ ಇದ್ರು?"

ಕೈಯ ವಿಷಯ ಸಾಹೇಬರಿಗೆ ಆಗಲೇ ತಿಳಿದಿದೆ, ಹನುಮಯ್ಯ ಹೇಳಿರಬೇಕು, ಎಂದುಕೊಂಡ ಗುರುಶಾಂತಪ್ಪನವರಿಗೆ ಸಂತೋಷವಾಯಿತು. "ಮೂವತ್ತು ಜನ ಇದ್ರು ಸಾರ್."

"ಮೂವತ್ತು," ಎಂದು ಸಾಹೇಬರು ತಮಗೆ ತಾವೇ ಹೇಳಿಕೊಂಡರು. ಅವರು ಕೇಳಿದ್ದ ಅತಿ ದೊಡ್ಡ ದಾಳಿಯಲ್ಲೂ ಹನ್ನೆರಡು ಜನಕ್ಕಿಂತ ಹೆಚ್ಚಿರಲಿಲ್ಲ.

"ಸಾಲಾಗಿ ಬಂದು ಕೈ ಹಿಡಿದು ನೋಡಿದ್ರು ಸಾರ್. ಫೋಟೋ ತಗೊಂಡ್ರು. ಇಂಥ ಕೈ ಹದಿನೆಂಟು ವರ್ಷದಲ್ಲಿ ನೋಡಿಲ್ಲ ಅಂದ್ರು."

ಸಾಹೇಬರ ಮುಖದಲ್ಲಿ ಭಯಕ್ಕೂ ಮೀರಿದ ಒಂದು ಗೌರವ ಮೂಡಿತು. ಈ ಮನುಷ್ಯನ ಮುಂದೆ ತಾವು ಇಷ್ಟು ವರ್ಷ ಏನೋ ಮಹಾ ಎಂದುಕೊಂಡು ಕೂತಿದ್ದೆವಲ್ಲ ಎಂಬ ವಿನಯವೂ ಅದರಲ್ಲಿತ್ತು. ಕರ್ಚೀಫು ಬಿದ್ದಷ್ಟೂ ಸದ್ದಿಲ್ಲದೆ ಇಪ್ಪತ್ತೆರಡು ವರ್ಷ ತೆಗೆದುಕೊಂಡಿದ್ದಾರೆ!

"ಆಮೇಲೆ ಐವತ್ತೈವತ್ತು ಇಂಜೆಕ್ಷನ್ ಕೊಟ್ರು ಸಾರ್, ಎರಡೂ ಕೈಗೆ."

"ಈಗ ಹಾಗೂ ಮಾಡ್ತಾರಾ?" ಎಂದು ಸಾಹೇಬರು ತಮ್ಮ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡರು. ಆಮೇಲೆ ಬಹಳ ಮೆತ್ತಗೆ, "ನನ್ನ ವಿಷಯ ಏನಾದ್ರೂ ಬಂತಾ?" ಎಂದರು.

"ಎಲ್ಲಾ ಹೇಳಿದೆ ಸಾರ್. ನಿಮ್ಮ ಸಹಿ ವಿಷಯದಿಂದಲೇ ಶುರು ಮಾಡಿದೆ. ಒಬ್ಬರು ಬರ್ಕೊಂಡ್ರು."

ಸಾಹೇಬರು ಎದ್ದು, ಗೋಡೆ ಹಿಡಿದುಕೊಂಡು, ನನಗೆ ಎದೆಯಲ್ಲಿ ಏನೋ ಆಗುತ್ತಿದೆ, ಹದಿನೈದು ದಿನ ರಜೆ, ಎಂದು ಸರಸ್ವತಿಗೆ ಹೇಳಿ ಹಿಂಬದಿಯ ಮೆಟ್ಟಿಲಿನಿಂದ ಇಳಿದುಹೋದರು. ಆಗಲೇ ಗುರುಶಾಂತಪ್ಪನವರಿಗೆ ಏನೋ ಎಡವಟ್ಟಾಗಿದೆ ಎನ್ನಿಸಿದ್ದು. ಸರಸ್ವತಿಯನ್ನು ಕೇಳಿದರು. ಆಕೆ ಕಣ್ಣು ಕೆಳಗೆ ಹಾಕಿ, "ಧೈರ್ಯವಾಗಿರಿ ಸಾರ್. ಸಸ್ಪೆನ್ಷನ್ ಆದ್ರೂ ಅರ್ಧ ಸಂಬಳ ಬರುತ್ತೆ," ಎಂದರು.

ಅರ್ಥವಾದ ಕ್ಷಣ ಗುರುಶಾಂತಪ್ಪನವರ ಅಂಗೈಯಿಂದ ನೀಲಿ ತೊಟ್ಟಿಕ್ಕಿತು. ಅದು ಬೆವರಿನ ಪರೀಕ್ಷೆಯ ಬಣ್ಣ, ಬೆವರು ಬಂದಷ್ಟೂ ನೀಲಿಯಾಗುತ್ತದೆ, ಎಂದು ಅವರು ಹೇಳತೊಡಗಿದರು. ಹೇಳುತ್ತ ಹೋದ ಹಾಗೆ ಗಾಬರಿ ಹೆಚ್ಚಿತು, ಗಾಬರಿಗೆ ಬೆವರು ಹೆಚ್ಚಿತು, ಬೆವರಿಗೆ ನೀಲಿ ಹೆಚ್ಚಿತು. ಸುಳ್ಳು ಹೇಳುವವನ ಕೈ ತಾನೇ ಬಣ್ಣ ಬಿಡುವುದನ್ನು ಸರಸ್ವತಿ ಬಾಯಿ ತೆರೆದು ನೋಡುತ್ತಾ ಕೂತರು. ಹೆಂಡತಿಗೆ ಈ ಸುದ್ದಿ ಮುಟ್ಟುವ ಮೊದಲು ತಾನು ಮುಟ್ಟಬೇಕೆಂದು ಗುರುಶಾಂತಪ್ಪನವರು ಮನೆಯ ಕಡೆ ಓಡಿದರು.

ಜಯನಗರದಿಂದ ತ್ಯಾಗರಾಜನಗರಕ್ಕೆ ಬೇಗ ನಡೆದರೆ ಅರ್ಧ ಗಂಟೆ. ಸರಸ್ವತಿಯ ಅಕ್ಕ ಸರ್ವಮಂಗಳಾ ಇದ್ದದ್ದು ಗುರುಶಾಂತಪ್ಪನವರ ಪಕ್ಕದ ಮನೆಯಲ್ಲೇ, ಫೋನಿಗೆ ಅರ್ಧ ನಿಮಿಷವೂ ಬೇಕಾಗಿರಲಿಲ್ಲ.

ವಠಾರದ ಅಂಗಳದಲ್ಲಿ ಮನೆ ಮಾಲೀಕರಾದ ಗಂಗಾಧರಯ್ಯನವರು ಕಾಯುತ್ತಿದ್ದರು. ಅವರು ನಿವೃತ್ತ ವಿಜ್ಞಾನದ ಮೇಷ್ಟ್ರು. ಇಷ್ಟು ದಿನ ಗುರುಶಾಂತಪ್ಪನವರನ್ನು ಕಂಡರೆ ನಲ್ಲಿ ಸರಿಯಾಗಿ ನಿಲ್ಲಿಸಿ ಎನ್ನುವುದರ ಹೊರತು ಬೇರೆ ಮಾತು ಆಡಿದವರಲ್ಲ. ಇಂದು ತಮ್ಮ ಬೆತ್ತದ ಕುರ್ಚಿಯನ್ನೇ ಹೊರಗೆ ತಂದು ಹಾಕಿಸಿದ್ದರು. ಸುತ್ತ ಆರೂ ಮನೆಗಳವರಿದ್ದರು. ಯಾರ ಮುಖದಲ್ಲೂ ತಿರಸ್ಕಾರವಿರಲಿಲ್ಲ. ಗ್ರಹಣ ನೋಡಲು ಬಂದವರ ಹಾಗೆ ಎಲ್ಲರೂ ಅವರ ಕೈಯನ್ನೇ, ನೇರವಾಗಿ ನೋಡದೆ, ನೋಡುತ್ತಿದ್ದರು.

"ಪೇಪರಲ್ಲಿ ಪಿಂಕ್ ಆಗುತ್ತೆ ಅಂತ ಬರೀತಾರೆ," ಎಂದು ಒಬ್ಬರು ಅನುಮಾನ ತೆಗೆದರು. "ಇದು ಒಳ್ಳೆ ನೇರಳೆ ಹಣ್ಣಿನ ಥರ ಇದೆ."

ಗಂಗಾಧರಯ್ಯನವರು ಕನ್ನಡಕ ಏರಿಸಿ ಅಂಗೈ ಪರೀಕ್ಷಿಸಿದರು. ಸಣ್ಣ ಮೊತ್ತಕ್ಕೆ ತಿಳಿ ಗುಲಾಬಿ, ಮೊತ್ತ ಏರಿದ ಹಾಗೆ ಬಣ್ಣ ಗಾಢವಾಗುತ್ತ ಹೋಗುತ್ತದೆ, ಇದು ರಸಾಯನಶಾಸ್ತ್ರದ ಸಾಮಾನ್ಯ ನಿಯಮ, ಎಂದರು. ಇಷ್ಟು ಕಪ್ಪಾಗಬೇಕಾದರೆ ಎಷ್ಟಿರಬೇಕು ಎಂಬುದನ್ನು ಅವರು ಹೇಳಲಿಲ್ಲ. ಎಲ್ಲರೂ ಮನಸ್ಸಿನಲ್ಲೇ ಒಂದು ಅಂದಾಜು ಹಾಕಿ ಉಸಿರು ಎಳೆದುಕೊಂಡರು.

ಗುರುಶಾಂತಪ್ಪನವರು ಇಂಜೆಕ್ಷನ್ನಿನ ಕತೆ ಹೇಳಿದರು. ಬೆವರಿಗೆ ವಿಷದ ಇಂಜೆಕ್ಷನ್ನು ಎಂಬುದನ್ನು ಜನ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡರು. ಬಿಲ್ಲು ಎಲ್ಲಿ ಎಂದು ಗಂಗಾಧರಯ್ಯನವರು ಕೇಳಿದರು. ಇಲ್ಲ ಎಂದರು. ಚೀಟಿ? ಅದೂ ಇಲ್ಲ. ಔಷಧಿ? ಸೀಸೆ ಖಾಲಿ ಇತ್ತು. "ಕೋರ್ಟಲ್ಲಿ ಇನ್ನೂ ಸ್ವಲ್ಪ ಗಟ್ಟಿಯಾಗಿರೋದು ಹೇಳಿ," ಎಂದು ಗಂಗಾಧರಯ್ಯನವರು ಹಿತವಚನ ಕೊಟ್ಟರು. ಸರ್ವಮಂಗಳಾ ಒಂದು ಲೋಟ ಬಾದಾಮಿ ಹಾಲು ತಂದಿಟ್ಟು, ನಮ್ಮ ಮೈದುನನ ಸೈಟಿನದೊಂದು ಖಾತೆ ಆಗಬೇಕು, ನೀವು ರೂಲ್ಸಿನವರು ಅಂದುಕೊಂಡು ಇಷ್ಟು ದಿನ ಕೇಳಿರಲಿಲ್ಲ ಅಣ್ಣ, ಎಂದರು.

ಗುರುಶಾಂತಪ್ಪನವರು ಒಳಗೆ ಹೋದರು. ಒಳಗಿನ ಕೋಣೆಯಲ್ಲಿ ಅಟ್ಟದ ಮೇಲಿದ್ದದ್ದೆಲ್ಲ ನೆಲದ ಮೇಲಿತ್ತು. ಹಿತ್ತಾಳೆ ಪರಾತ, ಹರಿದ ಜಮಖಾನೆ, ಮಗಳು ಸಂಗೀತಾಳ ಒಂದನೆಯ ಕ್ಲಾಸಿನ ಸ್ಲೇಟು, ಅಕ್ಕಿ ಡಬ್ಬದಿಂದ ಸುರಿದ ಅಕ್ಕಿ. ನಡುವೆ ನೀಲಗಂಗಮ್ಮ ಕೂತಿದ್ದರು. ಮಗಳು ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದದ್ದು ಒಂದು ಪುಣ್ಯ.

"ಎಲ್ಲಿಟ್ಟಿದೀರ?" ಎಂದರು ನೀಲಗಂಗಮ್ಮ.

"ಏನನ್ನ?"

"ನಂಗೆ ಬೇಡ. ಮುಟ್ಟೋದೂ ಇಲ್ಲ. ಎಲ್ಲಿತ್ತು ಅಂತ ನೋಡ್ಬೇಕು, ಅಷ್ಟೇ." ಅವರ ದನಿಯಲ್ಲಿ ಸಿಟ್ಟಿಗಿಂತ ಬೆರಗೇ ಹೆಚ್ಚಾಗಿತ್ತು. "ಇಪ್ಪತ್ತು ವರ್ಷದಿಂದ ಈ ಎರಡು ರೂಮು ನಾನೇ ಗುಡಿಸ್ತಾ ಇದೀನಿ. ನನ್ನ ಕಣ್ಣಿಗೂ ಬೀಳ್ದಂಗೆ ಇಟ್ಟಿದೀರಲ್ಲ, ನೀವೇನು ಸಾಮಾನ್ಯದೋರಲ್ಲ ಬಿಡಿ."

"ನೀಲಾ, ನಾನು ತಗೊಂಡಿಲ್ಲ ಕಣೆ."

ಆಕೆ ಅವರ ಕೈ ನೋಡಿದರು. ಕೈ ಆ ಕ್ಷಣದಲ್ಲೇ, ಅವರ ಕಣ್ಣ ಮುಂದೆಯೇ, ಇನ್ನಷ್ಟು ನೀಲಿಯಾಯಿತು. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡರು.

"ಹೋದ ವರ್ಷ ನಮ್ಮಣ್ಣನ ಮನೆ ಮದುವೆಗೆ ಅದೇ ಹಳೇ ಸೀರೆ ಉಟ್ಕೊಂಡು ಹೋದೆ. ಎಲ್ರೂ ನಕ್ರು. ನಂಗೇನೂ ಅನ್ನಿಸ್ಲಿಲ್ಲ. ನನ್ನ ಹತ್ರ ಏನಿದೆ ಅಂತ ನಂಗೆ ಗೊತ್ತಿತ್ತು." ಸೆರಗು ಸರಿಸಿ, "ಇನ್ಮೇಲೆ ನಾನು ಏನು ಹೇಳ್ಕೊಂಡು ಹೊರಗೆ ಹೋಗ್ಲಿ?" ಎಂದರು.

ಗುರುಶಾಂತಪ್ಪನವರು ಜೋತಾಡುವ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಂಡತಿಯ ಎದುರು ಅಕ್ಕಿಯ ರಾಶಿಯ ಪಕ್ಕ ಕೂತರು. ಹೊರಗೆ ಗಂಗಾಧರಯ್ಯನವರು ಯಾರಿಗೋ ಜಾಮೀನಿನ ಕ್ರಮ ವಿವರಿಸುತ್ತಿದ್ದರು.

ಐದು ಗಂಟೆಯ ಹೊತ್ತಿಗೆ ಹನುಮಯ್ಯ ಬಂದ. ಅಂದು ಅವನಿಗೂ ರಜೆ. ಸುದ್ದಿ ಅವನ ಮೊಬೈಲಿಗೆ ಹನ್ನೊಂದು ಕಡೆಯಿಂದ ಬಂದಿತ್ತು. ಅಂಗಳದಲ್ಲಿ ನಿಂತು ಅವನು ಎಲ್ಲರನ್ನೂ ಒಂದು ಸಲ ನೋಡಿ, ಕಚೇರಿಯಲ್ಲಿ ಸರತಿ ಸಾಲನ್ನು ಅಡಗಿಸುವ ದನಿಯಲ್ಲಿ ಹೇಳಿದ.

"ಯಾರ್ರೀ ಅದು ಹೇಳಿದ್ದು ಲೋಕಾಯುಕ್ತ ಅಂತ? ಸಾರ್‌ನ ಡಾಕ್ಟ್ರ ಹತ್ರ ಕಳಿಸಿದ್ದು ನಾನು. ಕೈಗೆ ಹಚ್ಚಿರೋದು ಅಯೋಡಿನ್ನು, ಮೇಲೆ ಉದುರ್ಸಿರೋದು ಮುಸುಕಿನ ಜೋಳದ ಹಿಟ್ಟು. ಬೇಕಾದ್ರೆ ಡಾಕ್ಟ್ರ ಹತ್ರನೇ ಮಾತಾಡಿ," ಎಂದು ಮೊಬೈಲು ಚಾಚಿದ.

ಅಯೋಡಿನ್ ಎಂಬ ಮಾತು ಕಿವಿಗೆ ಬಿದ್ದದ್ದೇ ಗಂಗಾಧರಯ್ಯನವರ ಮುಖ ಬಿಳಚಿತು. ಹಿಟ್ಟಿಗೆ ಅಯೋಡಿನ್ ಬಿದ್ದರೆ ಕಡುನೀಲಿ. ಏಳನೆಯ ತರಗತಿ, ಮೂವತ್ತೊಂದು ವರ್ಷ, ಆಲೂಗಡ್ಡೆಯ ಹೋಳಿನ ಮೇಲೆ ತಮ್ಮ ಕೈಯಾರೆ ಮಾಡಿ ತೋರಿಸಿದ್ದ ಒಂದೇ ಒಂದು ಪ್ರಯೋಗ. ಅವರು ತಮ್ಮ ಮನೆಯೊಳಗೆ ಹೋಗಿ ಅಯೋಡಿನ್ ಸೀಸೆ ತಂದರು. ನೀಲಗಂಗಮ್ಮನವರ ಮಧ್ಯಾಹ್ನದ ಗಂಜಿ ಹಾಗೇ ಇತ್ತು. ಆಕೆ ಗಂಡನೊಂದಿಗೆ ಹೊರಗೆ ಬಂದು ಅದನ್ನು ಬಟ್ಟಲಿನಲ್ಲಿ ಇಟ್ಟರು, ಎಲ್ಲರೂ ಸುತ್ತ ನಿಂತರು. ಗಂಗಾಧರಯ್ಯನವರು ಒಂದು ತೊಟ್ಟು ಬಿಟ್ಟರು.

ಗಂಜಿ ನೀಲಿಯಾಯಿತು. ಗುರುಶಾಂತಪ್ಪನವರ ಅಂಗೈಯನ್ನು ಪಕ್ಕಕ್ಕೆ ಹಿಡಿದು ನೋಡಿದರೆ, ಒಂದೇ ಬಟ್ಟೆ ಥಾನಿನ ಎರಡು ತುಂಡು.

ಆಮೇಲೆ ಜನ ಒಬ್ಬೊಬ್ಬರಾಗಿ, ಸಿನಿಮಾ ಬೇಗ ಮುಗಿದು ಹೊರಬಿದ್ದವರ ಹಾಗೆ, ಕರಗತೊಡಗಿದರು. ಸರ್ವಮಂಗಳಾ ಬಾದಾಮಿ ಹಾಲಿನ ಲೋಟ ತೊಳೆದು ಕೊಡಿ ಎಂದರು. ಗಂಗಾಧರಯ್ಯನವರು ಬೆತ್ತದ ಕುರ್ಚಿಯನ್ನು ಎತ್ತಿಕೊಂಡು, ಹೋಗುವಾಗ, ನಲ್ಲಿ ಸರಿಯಾಗಿ ನಿಂತಿಲ್ಲ ನೋಡಿ ಎಂದು ಹೇಳಿ ಹೋದರು.

ನೀಲಗಂಗಮ್ಮನವರಿಗೆ ಅದ್ಯಾವುದೂ ಕಾಣಿಸಲಿಲ್ಲ. ಅವರು ಗಂಡನ ಎರಡೂ ಕೈಗಳನ್ನು ತೆಗೆದುಕೊಂಡು ತಮ್ಮ ಕಣ್ಣಿಗೆ ಒತ್ತಿಕೊಂಡರು. ಹಣೆಯ ಮೇಲೆ ನೀಲಿ ಹತ್ತಿತು. ಹತ್ತಲಿ ಬಿಡಿ ಎಂದರು. ಕಾಫಿ ಮಾಡಿ ತಂದು, ಮಗುವಿಗೆ ಕುಡಿಸುವ ಹಾಗೆ ತಾವೇ ಲೋಟ ಹಿಡಿದು ಅವರಿಗೆ ಕುಡಿಸಿ, ಹನುಮಯ್ಯನಿಗೂ ಕೊಟ್ಟು, ಅಕ್ಕಿ ತುಂಬಲು ಒಳಗೆ ಹೋದರು. ಒಳಗಿನಿಂದ ಬಹಳ ವರ್ಷಗಳ ಮೇಲೆ ಅವರು ಏನೋ ಗುನುಗುವುದು ಕೇಳಿಸಿತು.

"ನೀವು ನನ್ನ ಮಾನ ಉಳಿಸಿದ್ರಿ ಹನುಮಯ್ಯ," ಎಂದರು ಗುರುಶಾಂತಪ್ಪನವರು. "ಇದನ್ನ ಹೇಗೆ ತೀರಿಸ್ಲೋ ಗೊತ್ತಿಲ್ಲ."

"ನಂಗೇನೂ ಬೇಡ ಸಾರ್." ಹನುಮಯ್ಯ ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕುಡಿದು ಲೋಟ ಕೆಳಗಿಟ್ಟ. "ಕೋಣನಕುಂಟೆದು ಒಂದು ಫೈಲಿದೆ, ನಿಮ್ಮ ಟೇಬಲಲ್ಲೇ. ಎಂಟು ತಿಂಗಳಾಯ್ತು. ಪ್ರಿಯಾಂಕಾ ಅನ್ನೋರ ಹೆಸರಲ್ಲಿ."

ಗುರುಶಾಂತಪ್ಪನವರಿಗೆ ಫೈಲು ನೆನಪಿತ್ತು. ಪ್ಲಾನಿನಲ್ಲಿ ಎರಡು ಅಂತಸ್ತು, ಜಾಗದಲ್ಲಿ ನಾಲ್ಕು. ಆಕ್ಷೇಪಣೆ ಬರೆದವರು ಅವರೇ. "ಅದು ಆಗಲ್ಲ ಹನುಮಯ್ಯ. ಯಾರದು?"

"ಡಾಕ್ಟ್ರ ಮನೆಯೋರದು ಸಾರ್."

ಒಳಗೆ ಅಕ್ಕಿ ಡಬ್ಬಕ್ಕೆ ಬೀಳುವ ಸದ್ದು ಕೇಳಿಸುತ್ತಿತ್ತು.

"ಅವರ ಪಾಠಕ್ಕೆ ಬೆವರೋ ಕೈಯೋರು ಇನ್ನೂ ಆರು ಜನ ಬಂದಿದ್ರು. ಎಲ್ರನ್ನೂ ವಾಪಸ್ ಕಳಿಸಿ ನಿಮ್ಮನ್ನೇ ಕೂರ್ಸಿದ್ರು," ಎಂದು ಹನುಮಯ್ಯ ಮುಂದುವರಿಸಿದ. ಅವನ ದನಿಯಲ್ಲಿ ಜಂಬವಿರಲಿಲ್ಲ. ದೊಡ್ಡ ಕೆಲಸವೊಂದನ್ನು ಮಾಡಿ ಮುಗಿಸಿದವನಿಗೆ ಆ ಕೆಲಸದ ಬಗ್ಗೆಯೇ ಹುಟ್ಟುವ ಭಯಭಕ್ತಿ ಇತ್ತು. "ಇಪ್ಪತ್ತೆರಡು ವರ್ಷ ಸಾರ್. ಎಂತೆಂಥೋರು ಬಂದು ಕೈ ಚೆಲ್ಲಿ ಹೋದ್ರು. ನಿಮ್ಮ ಕೈಗೆ ಒಂದು ಬಾಳೆಹಣ್ಣು ಕೊಡೋಕೂ ಯಾರ ಕೈಲೂ ಆಗ್ಲಿಲ್ಲ."

"ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಹೋಗ್ತಿದ್ರಾ?"

"ವಾಪಸ್ ಕೊಡ್ತೀನಿ," ಎಂದು ಗುರುಶಾಂತಪ್ಪನವರು ಎದ್ದು ನಿಂತರು. ನಿಂತ ಮೇಲೆ, ಏನನ್ನು ವಾಪಸ್ ಕೊಡುವುದು ಎಂದು ಹೊಳೆಯದೆ, ತಮ್ಮ ಕೈಗಳನ್ನು ನೋಡಿದರು. ಇಲ್ಲಿಯವರೆಗೆ ನಾಡಿನಲ್ಲಿ ಯಾರು ಏನೇ ತೆಗೆದುಕೊಂಡಿರಲಿ, ಮನಸ್ಸು ಕೆಟ್ಟರೆ ಹಿಂದಿರುಗಿಸಬಹುದಿತ್ತು, ಬೆಂಕಿಗೆ ಹಾಕಬಹುದಿತ್ತು, ಹುಂಡಿಗೆ ಹಾಕಬಹುದಿತ್ತು. ಇದು ಚರ್ಮದ ಕೆಳಗೆ, ನೂರು ಜಾಗದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಕೂತಿತ್ತು.

"ಹಾಗಾದ್ರೆ ದುಡ್ಡು ಕೊಡ್ತೀನಿ. ಎಷ್ಟಾಗುತ್ತೆ ಹೇಳಿ."

ಹನುಮಯ್ಯ ಹೇಳಿದ. ಅದು ಗುರುಶಾಂತಪ್ಪನವರ ಐದು ತಿಂಗಳ ಸಂಬಳಕ್ಕಿಂತ ಸ್ವಲ್ಪ ಹೆಚ್ಚಿತ್ತು.

"ಕೊಡಬೋದು ಸಾರ್, ಬೇಡ ಅನ್ನಲ್ಲ. ಆದ್ರೆ ಒಬ್ಬ ಗುಮಾಸ್ತ ಅಂಗೈ ಒಣಗಿಸ್ಕೊಳ್ಳೋಕೆ ಅಷ್ಟು ದುಡ್ಡು ಎಲ್ಲಿಂದ ತಂದ ಅಂತ ನಾಳೆ ನಿಜವಾಗ್ಲೂ ಲೋಕಾಯುಕ್ತದೋರು ಬರ್ತಾರೆ."

ಗುರುಶಾಂತಪ್ಪನವರು ಮತ್ತೆ ಕೂತರು. ಹನುಮಯ್ಯ ಅವರನ್ನು ನೋಡಿ ಮರುಗಿದ. ಅವನು ಕೆಟ್ಟವನಲ್ಲ. ಬಾಗಿಲ ತನಕ ಹೋದವನು ಚಪ್ಪಲಿ ಮೆಟ್ಟುತ್ತ ತಿರುಗಿ ನಿಂತು, ಯೋಚನೆ ಮಾಡಬೇಡಿ, ಇದು ಶಾಶ್ವತವಲ್ಲವಂತೆ, ಆರು ತಿಂಗಳಾದ ಮೇಲೆ ಔಷಧಿಯ ಶಕ್ತಿ ಪೂರ್ತಿ ಹೋಗಿ ಕೈ ಮೊದಲಿನ ಹಾಗೇ ಬೆವರುತ್ತದಂತೆ, ಎಂದು ಸಮಾಧಾನ ಹೇಳಿದ.

ಗುರುಶಾಂತಪ್ಪನವರ ಮುಖ ನಿಧಾನವಾಗಿ ಮೇಲೆದ್ದಿತು. ಬೆಳಿಗ್ಗೆಯಿಂದ ಕೇಳಿದ ಮಾತುಗಳಲ್ಲಿ ಅಷ್ಟು ಒಳ್ಳೆಯದು ಇನ್ನೊಂದಿರಲಿಲ್ಲ. ಆರೇ ತಿಂಗಳು. ಆಮೇಲೆ ಅವರ ಕೈಯಲ್ಲಿ ಯಾರದೂ ಏನೂ ಇರುವುದಿಲ್ಲ.

"ನಿಜವಾಗ್ಲೂನಾ ಹನುಮಯ್ಯ?"

"ನಿಜ ಸಾರ್. ಡಾಕ್ಟ್ರೇ ಹೇಳಿದ್ರು, ಆಗ ಇನ್ನೊಂದ್ಸಲ ಬರೋಕೆ ಹೇಳಿ ಅಂತ. ಅಷ್ಟೊತ್ತಿಗೆ ಅವರ ಬೇಗೂರಿನ ಸೈಟಿನ ಫೈಲೂ ನಿಮ್ಮ ಟೇಬಲಿಗೆ ಬಂದಿರುತ್ತೆ."